ಮನೆಯಿಂದ ದೂರವಾದ ಒಡಹುಟ್ಟಿದವರ ಕುರಿತ ಹಾಡುಗಳಲ್ಲಿ ಹೋದವರಿಗೇಕೆ ಮಾತಿರುವುದಿಲ್ಲ?

ಇಂತಹ ಹಾಡುಗಳನ್ನು ಹೆಚ್ಚಾಗಿ ಹಿಂದೆ ಉಳಿದವರ ಬಾಯಿಂದಲೇ ಹೇಳಿಸಲಾಗುತ್ತದೆ. ಆದ್ದರಿಂದ ದೂರವಾದವರ ಕಾರಣಗಳು ಉಳಿದವರ ಸಿಟ್ಟು, ಅಪರಾಧಭಾವ ಮತ್ತು ಸಮಜಾಯಿಷಿಗಳ ಮೂಲಕವಷ್ಟೇ ನಮ್ಮನ್ನು ತಲುಪುತ್ತವೆ.

ಅಮೆರಿಕದ ಗಾಯಕ ಬ್ರೂಸ್ ಸ್ಪ್ರಿಂಗ್‌ಸ್ಟೀನ್ ಅವರ 1982ರ ‘ನೆಬ್ರಾಸ್ಕ’ ಆಲ್ಬಮ್‌ನಲ್ಲಿರುವ ‘ಹೈವೇ ಪೆಟ್ರೋಲ್‌ಮನ್’ ಹಾಡನ್ನು ಗಮನಿಸಿ. ಕಥೆ ಹೇಳುವವನು ಪೊಲೀಸ್ ಸಾರ್ಜೆಂಟ್ ಜೋ. ಸಹೋದರ ಫ್ರ್ಯಾಂಕಿ ಒಳ್ಳೆಯವನಲ್ಲವೆಂದು ಅವನು ಆರಂಭದಲ್ಲಿಯೇ ತೀರ್ಪು ಕೊಟ್ಟುಬಿಡುತ್ತಾನೆ. ಆದರೆ 1965ರಲ್ಲಿ ಫ್ರ್ಯಾಂಕಿ ಸೇನೆಗೆ ಸೇರಿದಾಗ, ಬೇಸಾಯದ ಕಾರಣಕ್ಕೆ ಕಡ್ಡಾಯ ಸೇನಾಸೇವೆಯಿಂದ ವಿನಾಯಿತಿ ಪಡೆದ ಜೋ ಊರಿನಲ್ಲೇ ಉಳಿದು ಮರಿಯಾಳನ್ನು ಮದುವೆಯಾದನೆಂಬ ಸಂಗತಿ ಮುಂದಿನ ಸಾಲುಗಳಲ್ಲಿ ಬರುತ್ತದೆ. ಒಬ್ಬನಿಗೆ ಸಿಕ್ಕ ರಕ್ಷಣೆ ಇನ್ನೊಬ್ಬನಿಗೆ ಸಿಗಲಿಲ್ಲ ಎಂಬುದನ್ನು ಜೋ ಬಾಯಿಬಿಟ್ಟು ಹೇಳುವುದಿಲ್ಲ; ನನ್ನ ಮಟ್ಟಿಗೆ ಹಾಡಿನ ತಿರುಳು ಇರುವುದು ಅಲ್ಲಿಯೇ.

ಒಬ್ಬ ಹುಡುಗನನ್ನು ತೀವ್ರವಾಗಿ ಗಾಯಗೊಳಿಸಿ ಪರಾರಿಯಾದ ಫ್ರ್ಯಾಂಕಿಯನ್ನು ಜೋ ಬೆನ್ನಟ್ಟುತ್ತಾನೆ, ಆದರೆ ಕೆನಡಾದ ಗಡಿ ಹತ್ತಿರವಾದಾಗ ತನ್ನ ಕಾರನ್ನು ನಿಲ್ಲಿಸಿ ಅವನನ್ನು ಹೋಗಗೊಡುತ್ತಾನೆ. ಕುಟುಂಬಕ್ಕೆ ಬೆನ್ನು ತೋರಿಸುವವನು ಒಳ್ಳೆಯವನಲ್ಲ ಎಂಬ ಪಲ್ಲವಿಯ ಮಾತು ಫ್ರ್ಯಾಂಕಿಯನ್ನು ದೂಷಿಸುತ್ತದೆಯೋ, ಜೋನ ಕರ್ತವ್ಯಲೋಪಕ್ಕೆ ನೆಪವಾಗುತ್ತದೆಯೋ ಎಂಬುದು ಕೊನೆಗೂ ಇತ್ಯರ್ಥವಾಗುವುದಿಲ್ಲ. ಪಲ್ಲವಿಯ ಪದಗಳು ಹೆಚ್ಚೇನೂ ಬದಲಾಗದಿದ್ದರೂ, ಪ್ರತಿ ಚರಣದಲ್ಲೂ ಹೊಸ ಸಂಗತಿ ಸೇರುವುದರಿಂದ ಅದರ ಅರ್ಥ ಬದಲಾಗುತ್ತ ಹೋಗುತ್ತದೆ. (ಇದೇ ಹಾಡನ್ನು ಆಧರಿಸಿ ಶಾನ್ ಪೆನ್ 1991ರಲ್ಲಿ ‘ದಿ ಇಂಡಿಯನ್ ರನ್ನರ್’ ಚಿತ್ರವನ್ನು ನಿರ್ದೇಶಿಸಿದರು.)

ಹೋದವರನ್ನು ಮೌನವಾಗಿಡುವುದು ಕವಿಯ ಉದಾಸೀನವೇನಲ್ಲ. ಅವರಿಗೂ ಒಂದು ಚರಣ ಕೊಟ್ಟಿದ್ದರೆ ಹಾಡು ವಾದ–ಪ್ರತಿವಾದವಾಗುತ್ತಿತ್ತು, ಕೇಳುಗರು ತಾವಾಗಿಯೇ ಅನುಮಾನಪಡುವ ಅವಕಾಶ ತಪ್ಪುತ್ತಿತ್ತು.