ಹತ್ತು ಷೇರು ಸೇರಿಸಿ ಒಂದು ಮಾಡುತ್ತೇವೆ ಎಂದು ಕಂಪನಿ ನೋಟಿಸ್ ಕಳಿಸಿದೆ, ಒಪ್ಪಬೇಕಾ?

ನೀವು ಕೇಳಿರುವುದು ಇಷ್ಟು: ಷೇರಿನ ಪೇಟೆ ಬೆಲೆ 85 ಪೈಸೆ, ಮುಖಬೆಲೆ (ಕಂಪನಿ ಷೇರಿಗೆ ನಿಗದಿ ಮಾಡಿದ ಮೂಲ ಬೆಲೆ) 1 ರೂಪಾಯಿ, ನಿಮ್ಮಲ್ಲಿರುವುದು 23,457 ಷೇರು. ಹತ್ತನ್ನು ಸೇರಿಸಿ 10 ರೂಪಾಯಿ ಮುಖಬೆಲೆಯ ಒಂದು ಷೇರು ಮಾಡಲು, ಅಂದರೆ ಕ್ರೋಡೀಕರಣಕ್ಕೆ, ಕಂಪನಿ ಸಭೆ ಕರೆದಿದೆ. ವಿರೋಧಿಸಬೇಕೇ, ಆಡಳಿತ ಮಂಡಳಿಯನ್ನು ಏನು ಕೇಳಬೇಕು?

ಮೊದಲು ಲೆಕ್ಕ ನೋಡಿ. ಈಗ ನಿಮ್ಮ ಷೇರುಗಳ ಬೆಲೆ 19,938.45 ರೂ. ಕ್ರೋಡೀಕರಣದ ನಂತರ 2,345 ಷೇರು ಉಳಿಯುತ್ತವೆ. 8.50ರಂತೆ ಅವಕ್ಕೆ 19,932.50 ರೂ. ಮಿಕ್ಕ 7 ಹಳೆ ಷೇರಿಗೆ 5.95 ರೂ. ನಗದು. ಕೂಡಿದರೆ ಅದೇ ಮೊತ್ತ. ಕಾಗದದ ಮೇಲೆ ಲಾಭವೂ ಇಲ್ಲ, ನಷ್ಟವೂ ಇಲ್ಲ. ಹಾಗಾಗಿ ಕ್ರೋಡೀಕರಣ ಒಳ್ಳೆಯದಾ ಕೆಟ್ಟದ್ದಾ ಎಂದು ಜಗಳವಾಡುವ ಬದಲು, ಅದೇ ನೋಟಿಸಿನಲ್ಲಿ ಅದರ ಹಿಂದೆ ಮುಂದೆ ಇರುವ ನಿರ್ಣಯಗಳನ್ನು ಓದಿ ಎನ್ನುತ್ತೇನೆ. ನಿಮ್ಮ ಪಾಲು ಕರಗುವುದು ಅಲ್ಲಿ.

ಒಂದು ನಿಜವಾದ ಅನುಕೂಲ ಇದೆ. ಬೆಲೆ ಕನಿಷ್ಠ ಒಂದು ಪೈಸೆಯಂತೆ ಏರಿಳಿಯುತ್ತದೆ. 85 ಪೈಸೆಯ ಷೇರಿಗೆ ಒಂದು ಪೈಸೆ ಎಂದರೆ ಸುಮಾರು 1.2%, ಅಂದರೆ ಕೊಳ್ಳುವ ಬೆಲೆಗೂ ಮಾರುವ ಬೆಲೆಗೂ ನಡುವಿನ ಅಂತರವೇ ಅಷ್ಟನ್ನು ತಿಂದುಹಾಕುತ್ತದೆ. 8.50ರ ಷೇರಿನಲ್ಲಿ ಅದು 0.12% ಮಾತ್ರ. ಇದಕ್ಕಿಂತ ಹೆಚ್ಚಿನದನ್ನು ನಿರೀಕ್ಷಿಸಬೇಡಿ. "ಹೀಗೆ ಮಾಡದಿದ್ದರೆ ಪೇಟೆಯಿಂದ ತೆಗೆದುಹಾಕುತ್ತಾರೆ" ಎಂದು ಯಾರಾದರೂ ಹೇಳಿದರೆ ನಂಬಬೇಡಿ. ಬೆಲೆ ಒಂದು ಡಾಲರ್‌ಗಿಂತ ಕೆಳಗೇ ಉಳಿದರೆ ಹೊರಹಾಕುವ ನಿಯಮ ಅಮೆರಿಕದ ನಾಸ್ಡಾಕ್‌ನದು. ನಮ್ಮಲ್ಲಿ ಅಂಥ ಕನಿಷ್ಠ ಬೆಲೆಯ ಕಟ್ಟಳೆ ಇಲ್ಲ. ಷೇರುಪೇಟೆಗಳು ಸಣ್ಣ ಕಂಪನಿಗಳಿಗಾಗಿ ಇಟ್ಟಿರುವ ಇಎಸ್‌ಎಂ ಎಂಬ ನಿಗಾ ಪಟ್ಟಿಯಲ್ಲಿ ನಿಮ್ಮ ಷೇರು ಇದ್ದರೆ ಅಲ್ಲಿಂದಲೂ ತಾನಾಗಿ ಹೊರಬರುವುದಿಲ್ಲ, ಏಕೆಂದರೆ ಕಂಪನಿಯ ಒಟ್ಟು ಮಾರುಕಟ್ಟೆ ಮೌಲ್ಯ ಇದ್ದಷ್ಟೇ ಇರುತ್ತದೆ.

"ಬಂಡವಾಳ ಎತ್ತಲು ಸುಲಭವಾಗುತ್ತದೆ" ಎಂಬುದು ಆಡಳಿತ ಮಂಡಳಿಯವರು ಸಾಮಾನ್ಯವಾಗಿ ಕೊಡುವ ಇನ್ನೊಂದು ಕಾರಣ. ಇದನ್ನು ಸ್ವಲ್ಪ ಬಿಡಿಸಿ ನೋಡಬೇಕು. 2013ರ ಕಂಪನಿ ಕಾಯ್ದೆಯ 53ನೇ ಕಲಂ ಪ್ರಕಾರ, ಒಂದೆರಡು ವಿನಾಯಿತಿ ಬಿಟ್ಟರೆ, ಮುಖಬೆಲೆಗಿಂತ ಕಡಿಮೆಗೆ ಹೊಸ ಷೇರು ಕೊಡುವಂತಿಲ್ಲ. ಪೇಟೆಯಲ್ಲಿ 85 ಪೈಸೆಗೆ ಸಿಗುವುದನ್ನು ಕಂಪನಿಯಿಂದ 1 ರೂಪಾಯಿಗೆ ಯಾರು ಕೊಳ್ಳುತ್ತಾರೆ? ಕ್ರೋಡೀಕರಣವಾದ ಮೇಲೂ ಬೆಲೆ 8.50, ಮುಖಬೆಲೆ 10. ಎರಡೂ ಹತ್ತು ಪಟ್ಟಾದವು, ತೊಡಕು ಇದ್ದಲ್ಲೇ ಇದೆ. ಅದು ಬಿಡಿಸಿಕೊಳ್ಳುವುದು 66ನೇ ಕಲಮಿನಡಿ ಬಂಡವಾಳ ಕಡಿತ ಮಾಡಿ ಮುಖಬೆಲೆ ಇಳಿಸಿದಾಗ. ಅದಕ್ಕೆ ವಿಶೇಷ ನಿರ್ಣಯವೂ ಬೇಕು, ಎನ್‌ಸಿಎಲ್‌ಟಿ (ಕಂಪನಿ ಕಾನೂನು ನ್ಯಾಯಮಂಡಳಿ) ಒಪ್ಪಿಗೆಯೂ ಬೇಕು. ಆದ್ದರಿಂದ ನೋಟಿಸಿನಲ್ಲಿ ಕ್ರೋಡೀಕರಣದ ಪಕ್ಕ ಬಂಡವಾಳ ಕಡಿತ, ಅಧಿಕೃತ ಬಂಡವಾಳದ (ಕಂಪನಿ ಷೇರು ಕೊಡಬಹುದಾದ ಗರಿಷ್ಠ ಮಿತಿಯ) ಹೆಚ್ಚಳ, ಪ್ರವರ್ತಕರಿಗೋ (ಕಂಪನಿಯ ಹಿಡಿತ ಇರುವ ಮಾಲೀಕರಿಗೋ) ಗುರುತಿಲ್ಲದ ಹೂಡಿಕೆದಾರರಿಗೋ ವಾರಂಟ್ (ಮುಂದೆ ನಿಗದಿತ ಬೆಲೆಗೆ ಹೊಸ ಷೇರು ಪಡೆಯುವ ಹಕ್ಕು) ಕಂಡರೆ ಕಥೆ ಬೇರೆಯೇ. ವಾರಂಟ್ ಪಡೆದವರು ಮೊದಲಿಗೆ ಕಟ್ಟಬೇಕಾದದ್ದು ಬೆಲೆಯ ಕಾಲು ಭಾಗ ಮಾತ್ರ, ಉಳಿದದ್ದಕ್ಕೆ 18 ತಿಂಗಳ ಗಡುವು.

ಕ್ರೋಡೀಕರಣದ ಬೆನ್ನಿಗೇ ಹೊಸ ಷೇರು ಬಂದರೆ ಏನಾಗುತ್ತದೆ ಎಂಬುದಕ್ಕೆ ರುಚಿ ಸೋಯಾ ನೆನಪಿಸಿಕೊಳ್ಳಿ. ದಿವಾಳಿ ಪ್ರಕ್ರಿಯೆಯಲ್ಲಿ ಪತಂಜಲಿ ಅದನ್ನು ಕೊಂಡಾಗ ಹಳೆ ನೂರು ಷೇರಿಗೆ ಒಂದು ಉಳಿಯಿತು. ಹೊಸ ಷೇರುಗಳು ಕೊಂಡವರ ಕಡೆ ಹೋದವು. 2020ರ ಜನವರಿಯಲ್ಲಿ ಮತ್ತೆ ವಹಿವಾಟು ಶುರುವಾದಾಗ ಸಾರ್ವಜನಿಕರ ಪಾಲು ಸುಮಾರು 1% ಮಾತ್ರ. ಅದು ನ್ಯಾಯಮಂಡಳಿ ಒಪ್ಪಿದ ಯೋಜನೆ, ನಿಮ್ಮದು ಸಭೆಯ ಮತ. ಆದರೂ ಪಾಲು ಕರಗಿಸಿದ್ದು ನೂರಕ್ಕೊಂದು ಎಂಬ ಲೆಕ್ಕ ಒಂದೇ ಅಲ್ಲ, ಅದರ ಜೊತೆ ಬಂದ ಹೊಸ ಷೇರುಗಳು.

ಈಗ ಹತ್ತಕ್ಕೆ ಸಾಲದೆ ಮಿಕ್ಕುವ ತುಂಡು ಷೇರಿನ ವಿಚಾರ. 61ನೇ ಕಲಂ ಪ್ರಕಾರ ಕ್ರೋಡೀಕರಣದಿಂದ ಷೇರುದಾರರ ಮತದ ಶೇಕಡಾವಾರು ಬದಲಾಗುವುದಾದರೆ ಎನ್‌ಸಿಎಲ್‌ಟಿ ಒಪ್ಪಿಗೆ ಇಲ್ಲದೆ ಅದು ಜಾರಿಗೆ ಬರುವಂತಿಲ್ಲ. ಹತ್ತಕ್ಕೆ ಒಂದಾದರೆ ಹೊರಬೀಳುವವರು 9 ಅಥವಾ ಅದಕ್ಕಿಂತ ಕಡಿಮೆ ಷೇರು ಇರುವವರು ಮಾತ್ರ. ನೂರಕ್ಕೆ ಒಂದಾದರೆ 80 ಷೇರು ಇಟ್ಟುಕೊಂಡವರು ಕೂಡ 68 ರೂಪಾಯಿ ತೆಗೆದುಕೊಂಡು ಪಟ್ಟಿಯಿಂದಲೇ ಮಾಯ. ಸಾಮಾನ್ಯವಾಗಿ ಎಲ್ಲರ ತುಂಡುಗಳನ್ನು ಒಟ್ಟುಗೂಡಿಸಿ ಒಬ್ಬ ಟ್ರಸ್ಟಿಯ ಹೆಸರಿಗೆ ಷೇರು ಮಾಡಿ, ಪೇಟೆಯಲ್ಲಿ ಮಾರಿ, ಹಣ ಹಂಚುತ್ತಾರೆ. ಹಾಗಾಗಿ ನಿಮಗೆ ಬರುವುದು ಮಾರಿದ ದಿನದ ಬೆಲೆ. 5.95 ಎಂಬುದು ಅಂದಾಜಷ್ಟೇ.

ಕಂಪನಿ ಕಾರ್ಯದರ್ಶಿಗೆ ಸಭೆಗೆ ಕನಿಷ್ಠ ಒಂದು ವಾರ ಮೊದಲೇ ಇಮೇಲ್ ಬರೆಯಿರಿ, ವಿಳಾಸ ನೋಟಿಸಿನಲ್ಲೇ ಇರುತ್ತದೆ. ಸಭೆಯಲ್ಲಿ ಮಾತಾಡಬೇಕಿದ್ದರೆ ಹೆಸರು ನೋಂದಾಯಿಸುವ ಕೊನೆಯ ದಿನವೂ ಅಲ್ಲೇ ಇರುತ್ತದೆ. "ಕಂಪನಿ ಯಾವಾಗ ಉದ್ಧಾರ ಆಗುತ್ತೆ" ಎಂದು ಕೇಳಿದರೆ ಭಾಷಣ ಬರುತ್ತದೆ, ಉತ್ತರ ಬರುವುದಿಲ್ಲ. ಕೇಳಬೇಕಾದದ್ದು ಹೀಗೆ: ಮುಂದಿನ 12 ತಿಂಗಳಲ್ಲಿ ಹೊಸ ಷೇರು ಅಥವಾ ವಾರಂಟ್ ಕೊಡುವ ಯೋಜನೆ ಇದೆಯೇ, ಇದ್ದರೆ ಯಾರಿಗೆ? ಈ ಅನುಪಾತದಿಂದ ಎಷ್ಟು ಷೇರುದಾರರ ಹಿಡುವಳಿ ಸೊನ್ನೆಯಾಗುತ್ತದೆ? ಮತದ ಪಾಲು ಬದಲಾಗುವುದಿಲ್ಲ ಎಂದಾದರೆ ಆ ಲೆಕ್ಕ ಎಲ್ಲಿದೆ? ವಹಿವಾಟು ಎಷ್ಟು ದಿನ ನಿಲ್ಲುತ್ತದೆ? ಪ್ರವರ್ತಕರ ಷೇರುಗಳಲ್ಲಿ ಅಡವಿಟ್ಟದ್ದು ಎಷ್ಟು?

ಮತದ ಬಲವನ್ನೂ ಅಳೆದುಕೊಳ್ಳಿ. ಕಂಪನಿಯ ನಿಯಮಾವಳಿಯಲ್ಲಿ ಅವಕಾಶ ಇದ್ದರೆ ಕ್ರೋಡೀಕರಣಕ್ಕೆ ಸಾಮಾನ್ಯ ನಿರ್ಣಯ ಸಾಕು, ಚಲಾಯಿತ ಮತಗಳಲ್ಲಿ ಪರವೇ ಹೆಚ್ಚಿದ್ದರೆ ಮುಗಿಯಿತು. ಪ್ರವರ್ತಕರ ಬಳಿ 30% ಇದ್ದು ಸಣ್ಣವರು ಮತವನ್ನೇ ಹಾಕದಿದ್ದರೆ ತಡೆಯುವುದು ಕಷ್ಟ. ಆದರೆ ವಾರಂಟ್‌ಗೆ, ಬಂಡವಾಳ ಕಡಿತಕ್ಕೆ ವಿಶೇಷ ನಿರ್ಣಯ ಬೇಕು: ಪರ ಮತ ವಿರೋಧ ಮತದ ಮೂರು ಪಟ್ಟಾದರೂ ಇರಬೇಕು. ಪರವಾಗಿ ಆ 30% ಮಾತ್ರ ಬಿದ್ದರೆ, 10%ಗಿಂತ ಒಂದು ಚೂರು ಹೆಚ್ಚು ವಿರೋಧ ಬಂದರೂ ನಿರ್ಣಯ ಬಿತ್ತು. ಸಣ್ಣ ಷೇರುದಾರರ ಶಕ್ತಿ ಇರುವುದು ಇಲ್ಲಿ, ಅದನ್ನು ಕ್ರೋಡೀಕರಣದ ಮೇಲೆ ಖರ್ಚು ಮಾಡಬೇಡಿ. ಪ್ರತಿ ನಿರ್ಣಯಕ್ಕೂ ಬೇರೆ ಬೇರೆ ಮತ ಹಾಕಬಹುದು ಎಂಬುದು ಬಹಳ ಜನಕ್ಕೆ ಗೊತ್ತೇ ಇಲ್ಲ. ಸಭೆಗೆ ಮುಂಚಿನ ಇ-ವೋಟಿಂಗ್ ಹಿಂದಿನ ದಿನ ಸಂಜೆ 5ಕ್ಕೆ ಮುಚ್ಚುತ್ತದೆ. ಒಮ್ಮೆ ಹಾಕಿದ ಮತ ಬದಲಿಸಲು ಆಗುವುದಿಲ್ಲ.

ನಿರ್ಣಯ ಪಾಸಾದರೆ ರೆಕಾರ್ಡ್ ಡೇಟ್ (ಯಾರ ಬಳಿ ಎಷ್ಟು ಷೇರು ಇದೆ ಎಂದು ಕಂಪನಿ ಲೆಕ್ಕ ಹಿಡಿಯುವ ದಿನ) ಒಳಗೆ ಮಾಡಬೇಕಾದ್ದು ಕೆಲವಿದೆ. ಕಾಗದದ ಷೇರು ಇದ್ದವರು ಮೊದಲು ಡಿಮ್ಯಾಟ್ ಮಾಡಿಸಿ. ನಿಮ್ಮ 7 ಷೇರನ್ನು ಪ್ರತ್ಯೇಕ ಮಾರಲು ಹೋಗಬೇಡಿ, ಡಿಪಿ ಶುಲ್ಕವೇ (ಮಾರಿದಾಗ ಡಿಮ್ಯಾಟ್ ಖಾತೆಗೆ ಬೀಳುವ ಶುಲ್ಕ) 5.95ಕ್ಕಿಂತ ಜಾಸ್ತಿ. ಹಣ ತುರ್ತಾಗಿ ಬೇಕಿದ್ದರೆ ಮುಂಚೆಯೇ ಮಾರಿ. ಷೇರಿನ ಹಳೆ ಗುರುತು ಸಂಖ್ಯೆ (ಐಎಸ್‌ಐಎನ್) ನಿಂತು ಹೊಸದು ಖಾತೆಗೆ ಬಂದು ವಹಿವಾಟಿಗೆ ಅನುಮತಿ ಸಿಗುವವರೆಗೆ ಮಾರಲಾಗದು. ಹಳೆ ಬೆಲೆಗೆ ಹಾಕಿಟ್ಟ ಜಿಟಿಟಿ ಆರ್ಡರ್ (ಹೇಳಿದ ಬೆಲೆ ಮುಟ್ಟಿದಾಗ ತಾನಾಗಿ ಹೋಗುವ ಆರ್ಡರ್) ಇದ್ದರೆ ತೆಗೆದು ಆಮೇಲೆ ಹೊಸದಾಗಿ ಹಾಕಿ.

ಷೇರು ಬಂದ ದಿನ ಬ್ರೋಕರ್ ಆ್ಯಪ್ 900% ಲಾಭ ತೋರಿಸಿದರೆ ಹಿಗ್ಗಬೇಡಿ. ನೀವು 85 ಪೈಸೆಗೆ ಕೊಂಡಿದ್ದರೆ ಆ ಹಳೆ ಸರಾಸರಿ ಖರೀದಿ ಬೆಲೆ ಹಾಗೇ ಉಳಿದಿರುತ್ತದೆ, ಅಷ್ಟೆ. ತೆರಿಗೆ ಲೆಕ್ಕದಲ್ಲಿ ಹೊಸ ಒಂದು ಷೇರಿನ ಖರೀದಿ ಬೆಲೆ ಎಂದರೆ ಹಳೆ ಹತ್ತಕ್ಕೆ ಕೊಟ್ಟ ಹಣ. ಹಳೆ ಕಾಂಟ್ರಾಕ್ಟ್ ನೋಟ್ ಇಳಿಸಿಟ್ಟುಕೊಂಡು ಆ್ಯಪ್‌ನಲ್ಲಿ ಸರಾಸರಿಯನ್ನು ಸರಿಪಡಿಸಿ.