ವಾಹನ ಸಲಹೆ: ಡಿಕ್ಕಿಯ ಲೀಟರ್ ಲೆಕ್ಕ ಮತ್ತು ಊರಿನ ಸಾಮಾನು

ಪ್ರಶ್ನೆ: ನಾವು ಪುಣೆಯ ಚಿಂಚವಡದಲ್ಲಿದ್ದು, ವರ್ಷಕ್ಕೆ ಮೂರು ನಾಲ್ಕು ಸಲ ಧಾರವಾಡಕ್ಕೆ ಹೋಗಿಬರುತ್ತೇವೆ. ಗಾಡಿಯಲ್ಲಿ ನಾನು, ನಮ್ಮ ಯಜಮಾನರು, ಒಂಬತ್ತು ಮತ್ತು ನಾಲ್ಕು ವರ್ಷದ ಇಬ್ಬರು ಮಕ್ಕಳು ಹಾಗೂ ಅತ್ತೆಯವರು ಇರುತ್ತೇವೆ. ಅತ್ತೆಯವರಿಗೆ ಮೊಣಕಾಲಿನ ನೋವು ಇರುವುದರಿಂದ ಮಡಚುವ ಗಾಲಿಕುರ್ಚಿ ಜೊತೆಗಿರಲೇಬೇಕು. ಊರಿನಿಂದ ಬರುವಾಗ ಜೋಳದ ಚೀಲ, ಶೇಂಗಾ, ಕಡಕ್ ರೊಟ್ಟಿಯ ಡಬ್ಬಿಗಳು ತಪ್ಪುವುದಿಲ್ಲ. 25 ಲಕ್ಷ ರೂಪಾಯಿಯೊಳಗೆ ಎಲೆಕ್ಟ್ರಿಕ್ ಎಸ್‌ಯುವಿ ಕೊಳ್ಳಬೇಕೆಂದಿದ್ದೇವೆ. ಒಬ್ಬರು ಡಿಕ್ಕಿ 500 ಲೀಟರ್ ಎನ್ನುತ್ತಾರೆ, ಇನ್ನೊಬ್ಬರು 663 ಎನ್ನುತ್ತಾರೆ. ದೊಡ್ಡ ಅಂಕಿಯನ್ನು ನೋಡಿ ಆರಿಸಿದರೆ ಸಾಕೇ?
— ಓದುಗರೊಬ್ಬರು, ಚಿಂಚವಡ

ಉತ್ತರ: ಸಾಲದು. ಲೀಟರ್ ಅಂಕಿ ಸುಳ್ಳಲ್ಲವಾದರೂ ಅದು ನಿಮ್ಮ ಪ್ರಶ್ನೆಗೆ ಉತ್ತರವಲ್ಲ. ಹೆಚ್ಚು ಬಳಕೆಯಲ್ಲಿರುವ ಅಳತೆಯ ಪದ್ಧತಿಯಲ್ಲಿ 200×100×50 ಮಿ.ಮೀ. ಗಾತ್ರದ, ಅಂದರೆ ತಲಾ ಒಂದು ಲೀಟರಿನ ಇಟ್ಟಿಗೆಯಂಥ ತುಂಡುಗಳನ್ನು ಡಿಕ್ಕಿಯ ಮೂಲೆ ಮೂಲೆಗೂ ಜೋಡಿಸಿ ಎಣಿಸುತ್ತಾರೆ. ಚಕ್ರದ ಉಬ್ಬಿನ ಪಕ್ಕದ ಸಂದಿಯಲ್ಲಿ, ಇಳಿಜಾರಾದ ಗಾಜಿನ ಕೆಳಗಿನ ಮೂಲೆಯಲ್ಲಿ ಅಂಥ ತುಂಡು ಸಲೀಸಾಗಿ ಕೂರುತ್ತದೆ. ನಿಮ್ಮ ಅತ್ತೆಯವರ ಗಾಲಿಕುರ್ಚಿ ಕೂರುವುದಿಲ್ಲ.

ಆದ್ದರಿಂದ ನನ್ನ ಮೊದಲ ಸಲಹೆ, ಶೋರೂಮಿಗೆ ಬರಿಗೈಯಲ್ಲಿ ಹೋಗಬೇಡಿ. ಗಾಲಿಕುರ್ಚಿ, ಮನೆಯ ಅತಿ ದೊಡ್ಡ ಸೂಟ್‌ಕೇಸ್, ಜೋಳದ ಚೀಲದಷ್ಟೇ ಗಾತ್ರದ ಒಂದು ಚೀಲ, ಎರಡು ರೊಟ್ಟಿ ಡಬ್ಬಿ ಇಷ್ಟನ್ನೂ ಕೊಂಡೊಯ್ದು, ಹಿಂದಿನ ಸೀಟಿನಲ್ಲಿ ಅತ್ತೆಯವರನ್ನೂ ಮಕ್ಕಳನ್ನೂ ಕೂರಿಸಿ, ಆಮೇಲೆ ಡಿಕ್ಕಿಯ ಬಾಗಿಲು ಮುಚ್ಚಿ ನೋಡಿ. ಸಂಕೋಚ ಬೇಡ, ಇಪ್ಪತ್ತು ಲಕ್ಷಕ್ಕಿಂತ ಹೆಚ್ಚು ಹಣ ಕೊಡುವವರು ನೀವು. ಮಡಚಿದ ಗಾಲಿಕುರ್ಚಿ ನಿಂತು ಕೂರುತ್ತದೆಯೇ ಅಥವಾ ಮಲಗಿಸಲೇಬೇಕೇ ಎಂಬುದರ ಮೇಲೆ ಉಳಿದ ಸಾಮಾನಿನ ಜಾಗವೆಲ್ಲ ನಿರ್ಧಾರವಾಗುತ್ತದೆ. ಡಿಕ್ಕಿಯ ಹೊಸ್ತಿಲು ನೆಲದಿಂದ ಎಷ್ಟು ಎತ್ತರದಲ್ಲಿದೆ ಎಂಬುದನ್ನೂ ಗಮನಿಸಿ, ಏಕೆಂದರೆ ಪ್ರತಿ ನಿಲುಗಡೆಯಲ್ಲೂ ಆ ಕುರ್ಚಿಯನ್ನು ಎತ್ತಿ ಇಳಿಸಬೇಕಾದವರು ನೀವಿಬ್ಬರೇ.

ಈಗ ಅಂಕಿಗಳಿಗೆ ಬರೋಣ. ಮಹೀಂದ್ರ ಎಕ್ಸ್‌ಇವಿ 9ಇ ಗಾಡಿಯ ಡಿಕ್ಕಿ 663 ಲೀಟರ್, ಮುಂದಿನ ಬಾನೆಟ್ ಕೆಳಗೆ ಇನ್ನೂ 150 ಲೀಟರ್ ಜಾಗವಿದೆ. ಆದರೆ ಅದರ ಚಾವಣಿ ಹಿಂದಕ್ಕೆ ಇಳಿಜಾರಾಗಿದೆ. ಟಾಟಾ ಕರ್ವ್ ಇವಿಯ 500 ಲೀಟರ್ ಡಿಕ್ಕಿಯದೂ ಇದೇ ಕಥೆ. ಸೂಟ್‌ಕೇಸುಗಳನ್ನು ಅಡ್ಡ ಮಲಗಿಸುವವರಿಗೆ ಇವು ಬಹಳ ಒಳ್ಳೆಯವು, ಎತ್ತರದ ಸಾಮಾನು ಇರುವವರು ಮಾತ್ರ ಇಟ್ಟು ನೋಡಿಯೇ ಮುಂದುವರಿಯಬೇಕು. ಟಾಟಾ ಹ್ಯಾರಿಯರ್ ಇವಿಯ ಅಂಕಿ 502 ಲೀಟರ್ ಮಾತ್ರವಾದರೂ ಅದರ ಹಿಂಭಾಗ ಹೆಚ್ಚು ನೆಟ್ಟಗಿರುವುದರಿಂದ ಆ ಜಾಗ ಪೂರ್ತಿ ಕೈಗೆ ಸಿಗುತ್ತದೆ. ಹ್ಯೂಂಡೈ ಕ್ರೆಟಾ ಎಲೆಕ್ಟ್ರಿಕ್ 433 ಲೀಟರ್, ನೆಕ್ಸಾನ್ ಇವಿ 350 ಲೀಟರ್. ಗಾಲಿಕುರ್ಚಿಯ ಜೊತೆಗೆ ಐದು ಜನರ ಸಾಮಾನು ಎಂದರೆ ಈ ಎರಡರಲ್ಲೂ ಇಕ್ಕಟ್ಟಾಗುತ್ತದೆ.

ಅತ್ತೆಯವರ ವಿಷಯದಲ್ಲಿ ಇನ್ನೊಂದು ಮಾತು. ಎಲೆಕ್ಟ್ರಿಕ್ ಕಾರಿನಲ್ಲಿ ಬ್ಯಾಟರಿ ಕಾಲಡಿಯ ನೆಲದ ಕೆಳಗಿರುವುದರಿಂದ ಹಿಂದಿನ ಸೀಟಿನಲ್ಲಿ ಕುಳಿತವರ ನೆಲ ಕೆಲವು ಮಾದರಿಗಳಲ್ಲಿ ತುಸು ಎತ್ತರವಾಗಿದ್ದು, ಮೊಣಕಾಲು ಮೇಲೆದ್ದು ತೊಡೆಗೆ ಆಸರೆ ಕಡಿಮೆಯಾಗುತ್ತದೆ. ಐದು ನಿಮಿಷದ ಟೆಸ್ಟ್ ಡ್ರೈವಿನಲ್ಲಿ ಇದು ತಿಳಿಯುವುದಿಲ್ಲ. ಅರ್ಧ ಗಂಟೆ ಕೂರಿಸಿ, ಆಮೇಲೆ ಅವರನ್ನೇ ಕೇಳಿ.

ದಾರಿಯ ಲೆಕ್ಕ ಹೀಗಿದೆ. ಬ್ಯಾಟರಿಯ ಗಾತ್ರವನ್ನು ಹೇಳುವ ಕಿಲೋವ್ಯಾಟ್ ಅವರ್ ಎಂದರೆ ನಿಮ್ಮ ಕರೆಂಟ್ ಬಿಲ್ಲಿನ ಯೂನಿಟ್ಟೇ. ತುಂಬಿದ ದೊಡ್ಡ ಎಸ್‌ಯುವಿ ಹೆದ್ದಾರಿಯಲ್ಲಿ ಎಸಿ ಹಾಕಿಕೊಂಡು ಯೂನಿಟ್ಟಿಗೆ ಸುಮಾರು 6 ಕಿ.ಮೀ. ಕೊಡುತ್ತದೆ ಎಂದು ಹಿಡಿಯಿರಿ. ಕಂಪನಿ ಹೇಳುವ ಪ್ರಮಾಣಿತ ಅಂಕಿಯನ್ನು ಈ ಲೆಕ್ಕಕ್ಕೆ ತರಬೇಡಿ. ಚಿಂಚವಡದಿಂದ ಕೊಲ್ಹಾಪುರ ಸುಮಾರು 250 ಕಿ.ಮೀ., ಅಲ್ಲಿಂದ ಧಾರವಾಡ 190ರ ಆಸುಪಾಸು. 65 ಯೂನಿಟ್ಟಿನ ಬ್ಯಾಟರಿ ತುಂಬಿಸಿ ಹೊರಟರೆ ಮೂರನೇ ಒಂದು ಪಾಲು ಉಳಿಸಿಕೊಂಡು ಕೊಲ್ಹಾಪುರ ಸೇರುತ್ತೀರಿ. ಅಲ್ಲಿ ಶೇ 80ರವರೆಗೆ ತುಂಬಿಸಲು ಬೇಕಾದ 30 ಯೂನಿಟ್ಟು, 60 ಕಿಲೋವ್ಯಾಟಿನ, ಅಂದರೆ ಗಂಟೆಗೆ 60 ಯೂನಿಟ್ಟು ತುಂಬಿಸಬಲ್ಲ ಚಾರ್ಜಿಂಗ್ ಗನ್ ಪೂರ್ತಿ ನಿಮಗೊಬ್ಬರಿಗೇ ಸಿಕ್ಕರೆ ಊಟ ಮುಗಿಯುವಷ್ಟರಲ್ಲಿ ಏರುತ್ತದೆ. 30 ಕಿಲೋವ್ಯಾಟಿನದಾದರೆ ಗಂಟೆ ಮೀರುತ್ತದೆ. 45 ಯೂನಿಟ್ಟಿನ ಗಾಡಿಯಾದರೆ ಮಧ್ಯದಲ್ಲಿ ಸಾತಾರಾ ಅಥವಾ ಕರಾಡದ ಬಳಿ ಇನ್ನೊಮ್ಮೆ ನಿಲ್ಲಲೇಬೇಕು.

ಸಾಮಾನಿನ ಭಾರಕ್ಕೆ ಬ್ಯಾಟರಿ ಬೇಗ ಇಳಿಯುತ್ತದೆಂದು ಅನೇಕರು ಹೆದರುತ್ತಾರೆ. ಎರಡು ಟನ್ ತೂಕದ ಗಾಡಿ 100 ಮೀಟರ್ ಎತ್ತರ ಏರಲು ಹೆಚ್ಚುವರಿಯಾಗಿ ಬೇಕಾಗುವುದು ಅರ್ಧ ಯೂನಿಟ್ಟಿಗಿಂತ ಸ್ವಲ್ಪ ಹೆಚ್ಚು ಅಷ್ಟೇ, ಇಳಿಯುವಾಗ ಅದರಲ್ಲೂ ಒಂದು ಭಾಗ ಬ್ಯಾಟರಿಗೆ ಮರಳುತ್ತದೆ. ಹಾಗಿರುವಾಗ ಖಂಬಾಟಕಿ ಘಾಟಿನಲ್ಲಿ ಎರಡು ಚೀಲ ಜೋಳ ಏನೂ ಮಾಡದು. ಬ್ಯಾಟರಿ ತಿನ್ನುವುದು ವೇಗ: ಗಂಟೆಗೆ 80 ಕಿ.ಮೀ. ಬದಲು 110ರಲ್ಲಿ ಓಡಿಸಿದರೆ ಗಾಳಿಯ ತಡೆ ಹತ್ತಿರ ಹತ್ತಿರ ಎರಡು ಪಟ್ಟಾಗುತ್ತದೆ. ಆದರೆ ಭಾರ ಹೇರಿದಾಗ ಟೈರಿನ ಗಾಳಿ ಎಷ್ಟಿರಬೇಕೆಂದು ಚಾಲಕರ ಬಾಗಿಲ ಬಳಿಯ ಸ್ಟಿಕ್ಕರ್ ಹೇಳುತ್ತದೆ, ಅಷ್ಟು ತುಂಬಿಸಲು ಮರೆಯಬೇಡಿ.

ಕಳೆದ ದೀಪಾವಳಿಯಲ್ಲಿ ನನಗೇ ಆದ ಅನುಭವವನ್ನು ಇಲ್ಲಿ ಹೇಳಲೇಬೇಕು. ಕರಾಡದ ಆಚೆಯ ಹೋಟೆಲೊಂದರ ಅಂಗಳದಲ್ಲಿದ್ದ ಎರಡು ಗನ್‌ಗಳಲ್ಲಿ ಒಂದು ಕೆಟ್ಟಿತ್ತು, ಇನ್ನೊಂದಕ್ಕೆ ಮೂರು ಗಾಡಿಗಳ ಸರದಿ. ಹೋಟೆಲಿನವರು ದೊಡ್ಡ ಮನಸ್ಸಿನಿಂದ ಅಡುಗೆಮನೆಯ ಪಕ್ಕದ 15 ಆಂಪ್ ಪ್ಲಗ್ ಬಳಸಿಕೊಳ್ಳಲು ಹೇಳಿದರು. ನನ್ನ ಚಾರ್ಜರ್ ವೈರಾದರೋ ಡಿಕ್ಕಿಯ ನೆಲಹಲಗೆಯ ಕೆಳಗಿತ್ತು, ಅದರ ಮೇಲೆ ಮೂರು ದಿನದ ಊರಿನ ಸಾಮಾನಿತ್ತು. ಉಪ್ಪಿನಕಾಯಿಯ ಭರಣಿಯಿಂದ ಹಿಡಿದು ಹಾಸಿಗೆಯ ಸುರುಳಿಯವರೆಗೆ ಎಲ್ಲವನ್ನೂ ಕತ್ತಲಲ್ಲಿ ನೆಲಕ್ಕಿಳಿಸಿ, ವೈರು ತೆಗೆದು, ಮತ್ತೆ ಜೋಡಿಸುವಷ್ಟರಲ್ಲಿ ಮಕ್ಕಳು ಅಳುತ್ತ ನಿದ್ದೆಹೋಗಿದ್ದರು. ಅಂದಿನಿಂದ ಬಾನೆಟ್ ಕೆಳಗೆ ಜಾಗವಿರುವ ಗಾಡಿಯನ್ನೇ ಎಲ್ಲರಿಗೂ ಹೇಳುತ್ತೇನೆ; ವೈರು ಮತ್ತು ಪಂಕ್ಚರ್ ಕಿಟ್ ಅಲ್ಲಿರಲಿ. ಸ್ಟೆಪ್ನಿ ಇದೆಯೇ ಎಂದೂ ಕೇಳಿ: ಟೈರಿನ ಗಾಳಿ ತೋರಿಸುವ ವ್ಯವಸ್ಥೆ ಮತ್ತು ಪಂಕ್ಚರ್ ಕಿಟ್ ಇದ್ದರೆ ಸ್ಟೆಪ್ನಿ ಕೊಡದಿರಲು 2020ರಿಂದ ನಿಯಮವೇ ಅವಕಾಶ ಕೊಟ್ಟಿದೆ. ಆಮೇಲೆ ನೀವೇ ಕೊಂಡು ಇಟ್ಟುಕೊಂಡರೆ ಡಿಕ್ಕಿಯ ದೊಡ್ಡ ಪಾಲು ಅದಕ್ಕೇ ಹೋಗುತ್ತದೆ.

ನಿಮ್ಮ ಜಾಗದಲ್ಲಿ ನಾನಿದ್ದರೆ ಮೊದಲು ಹ್ಯಾರಿಯರ್ ಇವಿಯ 65 ಯೂನಿಟ್ಟಿನ ಮಾದರಿಯಲ್ಲಿ ಗಾಲಿಕುರ್ಚಿ ಇಟ್ಟು ನೋಡುತ್ತಿದ್ದೆ, ನಂತರ ಎಕ್ಸ್‌ಇವಿ 9ಇಯಲ್ಲಿ. ಎರಡೂ ಅಗಲದ ಗಾಡಿಗಳಾದ್ದರಿಂದ ನಿಮ್ಮ ಸೊಸೈಟಿಯ ಪಾರ್ಕಿಂಗಿನಲ್ಲಿ ಬಾಗಿಲು ಪೂರ್ತಿ ತೆರೆದು ಅತ್ತೆಯವರು ಇಳಿಯಲು ಸಾಧ್ಯವೇ ಎಂದು ಟೇಪು ಹಿಡಿದು ಅಳೆಯಿರಿ. ಧಾರವಾಡದ ಮನೆಯ 15 ಆಂಪ್ ಪ್ಲಗ್ಗಿನಲ್ಲಿ ರಾತ್ರಿ ಹತ್ತು ಗಂಟೆಯಲ್ಲಿ 30 ಯೂನಿಟ್ಟಿನಷ್ಟು ತುಂಬುತ್ತದೆ. ಹಳೆಯ ಮನೆಯಾದರೆ ಮೊದಲು ಅರ್ಥಿಂಗ್ ಸರಿಯಿದೆಯೇ ಎಂದು ಎಲೆಕ್ಟ್ರಿಷಿಯನ್‌ನಿಂದ ಪರೀಕ್ಷೆ ಮಾಡಿಸಿ.

ಪ್ರಶ್ನೆ: ಡಿಕ್ಕಿ ಚಿಕ್ಕದಾದರೂ ಮೇಲೆ ಕ್ಯಾರಿಯರ್ ಹಾಕಿಸಿಕೊಂಡರೆ ಆಯಿತಲ್ಲವೇ? ನಾವು ಕಾರವಾರ, ಕುಮಟಾ ಕಡೆಗೆ ಆಗಾಗ ಹೋಗುವವರು.
— ಓದುಗರೊಬ್ಬರು, ಮಡಗಾಂವ

ಉತ್ತರ: ಎಲೆಕ್ಟ್ರಿಕ್ ಗಾಡಿಗೆ ಅದು ಕೊನೆಯ ಉಪಾಯವಾಗಿರಲಿ. ಚಾವಣಿಯ ಮೇಲಿನ ಗಂಟು ಗಾಳಿಗೆ ಅಡ್ಡವಾಗಿ ನಿಂತು, ಒಂದೇ ಚಾರ್ಜಿನಲ್ಲಿ ಸಾಗುವ ದೂರವನ್ನು ಕಣ್ಣಿಗೆ ಕಾಣುವಷ್ಟು ಕಡಿಮೆ ಮಾಡುತ್ತದೆ. ಗಾಜಿನ ಚಾವಣಿಯಿದ್ದರೆ ಅದರ ಮೇಲೆ ಎಷ್ಟು ಭಾರ ಹೇರಬಹುದೆಂದು ಕೈಪಿಡಿಯಲ್ಲಿ ಬರೆದಿರುವುದನ್ನು ಮೀರಬೇಡಿ. ಮಡಗಾಂವದಿಂದ ಕುಮಟಾ ಹತ್ತಿರದ ದಾರಿಯಾದ್ದರಿಂದ ಚಾರ್ಜಿನ ಚಿಂತೆ ನಿಮಗಿಲ್ಲ, ಆದರೆ ಕರಾವಳಿಯ ಮಳೆಯಲ್ಲಿ ತಾಡಪಾಲು ಎಷ್ಟು ಬಿಗಿದರೂ ಬಟ್ಟೆಯ ಬ್ಯಾಗು ಒದ್ದೆಯಾಗುತ್ತದೆ.

ಪ್ರಶ್ನೆ: ಏಳು ಸೀಟಿನ ಎಲೆಕ್ಟ್ರಿಕ್ ಗಾಡಿ ಕೊಂಡರೆ ಜನ, ಸಾಮಾನು ಎರಡಕ್ಕೂ ಅನುಕೂಲವೇ?
— ಓದುಗರೊಬ್ಬರು, ಡೊಂಬಿವಲಿ

ಉತ್ತರ: ಒಂದೇ ಸಲಕ್ಕೆ ಎರಡಕ್ಕೂ ಅಲ್ಲ. ಉದಾಹರಣೆಗೆ ಕಿಯಾ ಕ್ಯಾರೆನ್ಸ್ ಕ್ಲಾವಿಸ್ ಇವಿಯಲ್ಲಿ ಮೂರೂ ಸಾಲು ಬಳಸಿದಾಗ ಹಿಂದೆ ಉಳಿಯುವುದು 216 ಲೀಟರ್. ಏಳು ಜನರ ಎರಡು ರಾತ್ರಿಯ ಬಟ್ಟೆಗೂ ಅದು ಸಾಲದು. ಐವರು ಹೋಗಿ ಕೊನೆಯ ಸಾಲನ್ನು ಮಡಚಿದರೆ ಮಾತ್ರ ಧಾರಾಳವಾದ ಜಾಗ ಸಿಗುತ್ತದೆ. ಹಾಗೆ ಮಡಚಿದಾಗ ಸೀಟಿನ ಬೆನ್ನಿಗಿಂತ ಎತ್ತರಕ್ಕೆ ಸಾಮಾನು ಪೇರಿಸಬೇಡಿ, ಪೇರಿಸಲೇಬೇಕಾದರೆ ಬಲೆ ಬಿಗಿಯಿರಿ. ಜೋರಾಗಿ ಬ್ರೇಕ್ ಹಾಕಿದಾಗ ಆ ಸಾಮಾನು ಬಂದು ಬೀಳುವುದು ಮುಂದೆ ಕುಳಿತವರ ತಲೆಯ ಮೇಲೆ.