ಶವರ್ ಬಿಟ್ಟ ಹುಡುಗ

(ಗುರುತು ಸಿಗದ ಹಾಗೆ ವಿವರ ಬದಲಿಸಿದ್ದೇನೆ.)

ನನ್ನ ಬಳಿ ಆಪ್ತಸಲಹೆ ಕೇಳಿ ಬಂದಿದ್ದು ಜರ್ಮನಿಯ ಮ್ಯೂನಿಕ್‌ನಲ್ಲಿರುವ ಕನ್ನಡ ಕುಟುಂಬ. ಮಗ ಒಂಬತ್ತನೇ ತರಗತಿ. ಮ್ಯೂನಿಕ್ ಇರುವ ಬವೇರಿಯಾ ರಾಜ್ಯದ ಶಾಲೆಗಳು ಹೆಚ್ಚುಕಡಿಮೆ ಈ ವಯಸ್ಸಿಗೆ ಮಕ್ಕಳನ್ನು ನಾಜಿ ಶಿಬಿರದ, ಅಂದರೆ ಹಿಟ್ಲರನ ಕಾಲದಲ್ಲಿ ಜನರನ್ನು ಸೆರೆಯಿಟ್ಟ ಜಾಗದ, ಸ್ಮಾರಕಕ್ಕೆ ಕರೆದೊಯ್ಯುತ್ತವೆ. ಇವನ ತರಗತಿ ಮ್ಯೂನಿಕ್ ಹತ್ತಿರದ ಡಖಾವ್ ಶಿಬಿರ ನೋಡಿ ಬಂತು. ಅವತ್ತಿನಿಂದ ಹುಡುಗ ಶವರ್ ಕೆಳಗೆ ನಿಲ್ಲುವುದಿಲ್ಲ. ರಾತ್ರಿಯೆಲ್ಲ ಫೋನಿನಲ್ಲಿ ಹೆಣಗಳ ಫೋಟೊ ಹುಡುಕುತ್ತಾನೆ.

"ಇದು ನಮ್ಮ ದೇಶದ ಕಥೆಯೇ ಅಲ್ಲ ಮೇಡಂ, ನಮ್ಮ ಮಗೂಗೆ ಯಾಕೆ? ಮುಂದೆ ಮಗಳನ್ನಾದರೂ ಬಿಟ್ಟುಬಿಡಲಿ, ಒಂದು ಪತ್ರ ಬರೆದುಕೊಡಿ" ಅಂದರು ಅಮ್ಮ. ಅಪ್ಪ ದಿನಾ "ಮರೆತುಬಿಡೋ" ಅನ್ನುತ್ತಿದ್ದರಂತೆ. ಹಾಗಂದರೆ ಯಾರಾದರೂ ಮರೀತಾರಾ?

ಹುಡುಗನ ತಲೆಯಲ್ಲಿ ಕೂತಿದ್ದು ಡಖಾವ್‌ನ ಗ್ಯಾಸ್ ಕೋಣೆ, ವಿಷಾನಿಲ ಬಿಟ್ಟು ಕೊಲ್ಲಲು ಸ್ನಾನದ ಮನೆಯಂತೆ ಕಟ್ಟಿದ್ದು. ಅಲ್ಲೇ ಲಕ್ಷಾಂತರ ಜನ ಸತ್ತರು ಅಂದುಕೊಂಡಿದ್ದ. ಕೂತು ಒಂದೊಂದೇ ಸರಿಮಾಡಿಕೊಂಡೆವು. 1933ರಿಂದ 1945ರವರೆಗೆ ಡಖಾವ್‌ನಲ್ಲಿ 2 ಲಕ್ಷಕ್ಕೂ ಹೆಚ್ಚು ಜನ ಸೆರೆಯಲ್ಲಿದ್ದರು. ಕನಿಷ್ಠ 41,500 ಜನ ಸತ್ತರು, ಹಸಿವು, ರೋಗ, ದುಡಿತ, ಗುಂಡಿಗೆ. ಆ ಕೋಣೆಯನ್ನು ಅಲ್ಲಿ ಸಾಮೂಹಿಕ ಹತ್ಯೆಗೆ ಬಳಸಲಿಲ್ಲ. ಯಹೂದಿಗಳನ್ನು ಲಕ್ಷಗಟ್ಟಲೆ ಗ್ಯಾಸಿನಿಂದ ಕೊಂದಿದ್ದು ನಾಜಿಗಳು ಆಕ್ರಮಿಸಿದ್ದ ಪೋಲೆಂಡಿನ ಆಶ್ವಿಟ್ಜ್, ಟ್ರೆಬ್ಲಿಂಕಾದಂಥ ಶಿಬಿರಗಳಲ್ಲಿ. ಕೇಳೋಕೆ ಇದೂ ಭಯಾನಕವೇ. ಆದರೆ ಎಲ್ಲಿ ಏನಾಯ್ತು ಅಂತ ತಿಳಿದ ಮೇಲೆ, ಮನೆಯ ಶವರ್ ಬೇರೆ ಅನ್ನುವುದು ಅವನಿಗೆ ನಿಧಾನಕ್ಕೆ ಒಗ್ಗಿತು.

ಫೋಟೊ ಹುಡುಕಾಟ ನಿಲ್ಲಿಸೋಕೆ ಹೇಳಿದೆ. ಬದಲಿಗೆ ಒಬ್ಬರ ಬದುಕನ್ನು ಪೂರ್ತಿ ಓದು, ಸಾವನ್ನಷ್ಟೇ ಅಲ್ಲ ಅಂದೆ. ಅವನು ಆರಿಸಿಕೊಂಡಿದ್ದು ನೂರ್ ಇನಾಯತ್ ಖಾನ್ ಅವರನ್ನು. ಟಿಪ್ಪು ಸುಲ್ತಾನನ ವಂಶದವರು, ವೀಣೆ ನುಡಿಸುತ್ತಿದ್ದರು, ಮಕ್ಕಳಿಗೆ ಕಥೆ ಬರೆಯುತ್ತಿದ್ದರು. ಬ್ರಿಟಿಷರ ಪರ, ಜರ್ಮನರ ವಶದಲ್ಲಿದ್ದ ಪ್ಯಾರಿಸ್‌ನಲ್ಲಿ ಗುಪ್ತವಾಗಿ ರೇಡಿಯೊ ಸಂದೇಶ ಕಳಿಸುತ್ತಿದ್ದಾಗ ಸಿಕ್ಕಿಬಿದ್ದರು. 1944ರ ಸೆಪ್ಟೆಂಬರ್ 13ರಂದು ಡಖಾವ್‌ನಲ್ಲೇ ಕೊಂದರು. 30 ವರ್ಷ. ಅವರ ಸಾವು ಯಹೂದಿಗಳ ನರಮೇಧದ ಭಾಗವಲ್ಲ, ಅದನ್ನೂ ಅವನಿಗೆ ಬಿಡಿಸಿ ಹೇಳಿದೆ. ಆದರೆ "ನಮ್ಮ ಕಥೆ ಅಲ್ಲ" ಅಂದಿದ್ದ ಅಮ್ಮ ಟಿಪ್ಪು ಹೆಸರು ಕೇಳಿ ಸುಮ್ಮನಾದರು.

ಡಖಾವ್ ಭೇಟಿಯ ಮರುದಿನವೇ ತರಗತಿಯಲ್ಲಿ ಗಣಿತದ ಟೆಸ್ಟ್ ಇತ್ತಂತೆ! ಮಕ್ಕಳ ಜೊತೆ ಅಲ್ಲಿ ನೋಡಿದ್ದರ ಬಗ್ಗೆ ಮಾತೇ ಇಲ್ಲ. ನನ್ನ ದೂರು ಇರುವುದು ಅಲ್ಲಿ. ಕರೆದುಕೊಂಡು ಹೋಗಿದ್ದು ಸರಿ, ವಾಪಸ್ ತಂದ ಮೇಲೆ ಕೈಬಿಟ್ಟಿದ್ದು ತಪ್ಪು. ಒಂದು ಪೀರಿಯಡ್ ಮಾತಿಗೆ ಇಡಿ ಅಂತ ಶಿಕ್ಷಕರನ್ನು ಕೇಳಲು ಅಪ್ಪನಿಗೆ ಹೇಳಿದೆ. ಮನೆಯಲ್ಲಿ "ಮರೆತುಬಿಡು" ಬದಲು "ಏನು ನೋಡಿದೆ?" ಅಂತ ಕೇಳಿ, ಅವನು ಹೇಳುವಾಗ ಮಧ್ಯೆ ಬಾಯಿ ಹಾಕಬೇಡಿ ಅಂದೆ. ನಿದ್ದೆ ಸುಧಾರಿಸದಿದ್ದರೆ ಅಲ್ಲಿಯ ಮಕ್ಕಳ ಮನೋವೈದ್ಯರನ್ನು ನೋಡಬೇಕು.

ಪತ್ರ ಕೊಡಲಿಲ್ಲ. ಮಗಳ ಸರದಿ ಬರುವ ಮೊದಲು ನೀವೊಮ್ಮೆ ಹೋಗಿ ಬನ್ನಿ ಅಂತ ಅಮ್ಮನಿಗೆ ಹೇಳಿದ್ದೇನೆ.